ಅರವತ್ತಮೂರನೇ ಪುಟ

ವಾಸ್ಕೋದಲ್ಲಿ ಗಾಳಿ ಬಂದರಿನ ಕಡೆಯಿಂದ ಬೀಸಿದ ದಿನ
ಕಿಟಕಿ ಮುಚ್ಚಿದರೂ ಕಲ್ಲಿದ್ದಲ ಪುಡಿ ಒಳಗೆ ಬರುತ್ತದೆ.
ಬೆಂಚಿನ ಮೇಲೆ, ಚಾಕ್‌ಪೀಸಿನ ಡಬ್ಬಿಯಲ್ಲಿ,
ಮಧ್ಯಾಹ್ನದ ಅನ್ನದ ಮೇಲೂ ಅದರದೊಂದು ತೆಳು ಸಹಿ.
ನಮ್ಮ ಕನ್ನಡ ಶಾಲೆಯ ಲೈಬ್ರರಿ ಎಂದರೆ
ಒಂದು ತಗಡಿನ ಟ್ರಂಕು. ಬೀಗ ಇದೆ, ಕೀಲಿ ಕಳೆದಿದೆ.

ಗುರುವಾರ ಕೊನೆಯ ಪೀರಿಯಡ್ಡಿಗೆ ತೆರೆಯುತ್ತೇನೆ.
ಏಳು ಸಮುದ್ರ ದಾಟಿದ ರಾಜಕುಮಾರರೆಲ್ಲ
ಇನ್ನೂ ಬಿಳಿಬಿಳಿಯಾಗಿದ್ದಾರೆ.
ಮಹಾಪುರುಷರ ಬಾಲ್ಯಕ್ಕೆ ಇನ್ನೂ ಅಂಗಡಿಯ ವಾಸನೆ.
ಮಾಸಿದ್ದು ಒಂದೇ: ರಟ್ಟು ಹೋದ, ಬರೆದವರ ಹೆಸರೂ ಹೋದ
ನೂರಾ ಹನ್ನೆರಡು ಪುಟದ ಕಾದಂಬರಿ.
ಅದರಲ್ಲೂ ಅರವತ್ತಮೂರನೇ ಪುಟ.
ಮೂಲೆಯಲ್ಲಿ ಕಪ್ಪು ಹೆಬ್ಬೆಟ್ಟುಗಳು
ಒಂದರ ಮೇಲೊಂದು,
ರೇಷನ್ ಅಂಗಡಿಯ ರಿಜಿಸ್ಟರಿನ ಹಾಗೆ.

ಆ ಪುಟದಲ್ಲಿ ದೊಡ್ಡದೇನೂ ನಡೆಯುವುದಿಲ್ಲ.
ಒಬ್ಬ ಹುಡುಗಿ ಗೆಳತಿಯರ ಜೊತೆ ಸ್ಟೇಷನ್ನಿನಲ್ಲಿ ನಿಂತಿದ್ದಾಳೆ.
ಪ್ಲಾಟ್‌ಫಾರಂ ಗುಡಿಸುತ್ತ ಅವಳ ತಾಯಿ ಬರುತ್ತಾಳೆ.
ಹುಡುಗಿ ರೈಲಿನ ವೇಳಾಪಟ್ಟಿ ಓದತೊಡಗುತ್ತಾಳೆ.
ತಾಯಿಯ ಪೊರಕೆ ಅವಳ ಕಾಲ ಸುತ್ತ
ಅರ್ಧಚಂದ್ರ ಬಿಟ್ಟು ಮುಂದೆ ಹೋಗುತ್ತದೆ.
ಅಷ್ಟೆ.

"ನೀತಿ ಏನಮ್ಮ ಇದರಲ್ಲಿ?" ಹೆಡ್‌ಮಾಸ್ತರರು ಕೇಳಿದ್ದರು.
ಹುಡುಕುತ್ತೇನೆ ಸರ್, ಎಂದಿದ್ದೆ.

ಒಂಬತ್ತನೇ ಕ್ಲಾಸಿನ ಮೌಲಾಲಿ ಹೇಳಿದ,
"ರಾಜಕುಮಾರ ಕಲ್ಲಾದಾಗ ನನಗೇನೂ ಅನಿಸ್ಲಿಲ್ರಿ ಟೀಚರ್.
ಈಕಿ ಚಪ್ಪಲ್ ಉಂಗುಷ್ಟ ಹರದು ಪಿನ್ನು ಹಾಕ್ಕೊಂತಾಳಲ್ರಿ,
ಆವಾಗ ನನ್ ಕಾಲ್ ನೋಡಕೊಂಡೆ."
ಹುಡುಗರು ನಕ್ಕರು. ಅವನೂ ನಕ್ಕ.
ಕಾಲು ಮೆಲ್ಲಗೆ ಬೆಂಚಿನಡಿ ಸರಿಯಿತು.

ಹುಲಿಗೆಮ್ಮ ಮಾತ್ರ ಗಂಟೆ ಹೊಡೆದ ಮೇಲೂ ನಿಂತಳು.
ಬೈನಾದ ಟ್ಯೂಷನ್ನಿನಲ್ಲಿ ಅವಳ ಹೆಸರು ಹೇಮಾ.
ನನಗೆ ಗೊತ್ತು. ನನಗೆ ಗೊತ್ತೆಂದು ಅವಳಿಗೂ ಗೊತ್ತು.
"ಇದನ್ನ ಬರದವ್ರಿಗೆ ಯಾರ್ ಹೇಳಿದ್ರು, ಟೀಚರ್?"
"ಏನನ್ನ?"
ಉತ್ತರವಿಲ್ಲ. ಬೆರಳು ಪುಟದೊಳಗೇ ಇತ್ತು,
ಬಾಗಿಲ ಸಂದಿಯಲ್ಲಿ ಸಿಕ್ಕಿದ ಹಾಗೆ.
ಕೊನೆಗೆ ತಾಯಿಯ ಹತ್ತಿರ ತಪ್ಪಾಯಿತು ಅನ್ನುತ್ತಾಳಾ ಎಂದೆ,
ಓದಿದ್ದರೂ ಮರೆತವಳ ಹಾಗೆ.
"ಇಲ್ರಿ. ರಾತ್ರಿ ನೀರ್ ಕಾಸಿ ಇಡ್ತಾಳ. ಅವ್ವ ಜಳಕಾ ಮಾಡ್ತಾಳ.
ಇಬ್ರೂ ಮಾತಾಡೂದಿಲ್ಲ."
ಸ್ವಲ್ಪ ತಡೆದು,
"ತಪ್ಪಾತು ಅಂದಿದ್ರ ನಾ ಪುಸ್ತಕ ಒಗದಬಿಡ್ತಿದ್ದೆ."

ಆ ರಾತ್ರಿ ರಬ್ಬರು ಹಿಡಿದು ಕೂತೆ,
ಮಕ್ಕಳಿಗೆ ಚೊಕ್ಕ ಪುಟ ಕೊಡೋಣವೆಂದು.
ಒಂದು ಹೆಬ್ಬೆಟ್ಟು ಮುಕ್ಕಾಲು ಅಳಿಸಿದ ಮೇಲೆ ಅನಿಸಿತು,
ಇದು ಯಾರದ್ದೋ ಹಾಜರಿ.
ನಿಲ್ಲಿಸಿದೆ.
ಹದಿನೈದರಲ್ಲಿ ನಾನು ಅಪ್ಪನ ಕ್ಷೌರದಂಗಡಿಯ ಮುಂದೆ
ಸೈಕಲ್ಲು ಜೋರಾಗಿ ತುಳಿದದ್ದು
ಯಾವ ಪುಸ್ತಕದಲ್ಲೂ ಇರಲಿಲ್ಲ.
ನನ್ನೊಬ್ಬಳದೇ ಅಂದುಕೊಂಡು ನಲವತ್ತು ದಾಟಿದೆ.

ಸೋಮವಾರ ಬಸ್‌ಸ್ಟ್ಯಾಂಡಿನಲ್ಲಿ ಹುಲಿಗೆಮ್ಮ.
ಪಕ್ಕದಲ್ಲಿ ಕೊಂಕಣಿಯಲ್ಲಿ ನಗುವ ಮೂವರು ಹುಡುಗಿಯರು,
ಎದುರಿಗೆ ಗೋಬಿ ಗಾಡಿಯ ಬದಿಯಲ್ಲಿ
ಬಕೆಟ್ಟಿನೊಳಗೆ ತಟ್ಟೆ ಅದ್ದುತ್ತ ಅವಳ ಅವ್ವ.
ಅವಳು ಮುಖ ತಿರುಗಿಸಿದಳು,
ಅವ್ವನಿಂದಲೋ ನನ್ನಿಂದಲೋ ತಿಳಿಯಲಿಲ್ಲ.
ನಾನು ಬೇಡದಿದ್ದರೂ ಬಾಳೆಹಣ್ಣಿನ ರೇಟು ಕೇಳಿದೆ,
ಕೊಂಕಣಿಯಲ್ಲಿ, ತಪ್ಪು ತಪ್ಪಾಗಿ.

ಗುರುವಾರ ಅದೇ ಪುಸ್ತಕಕ್ಕೆ ಮತ್ತೆ ಬಂದಳು.
ರಿಜಿಸ್ಟರಿನಲ್ಲಿ ಹೆಸರು ಬರೆಯಹೊರಟೆ.
"ನಾನ ಬರಿತೀನ್ರಿ" ಎಂದು ಪೆನ್ನು ತಗೊಂಡಳು.
ಬಗ್ಗಿ, ಒತ್ತಿ ಬರೆದಳು. ಯಾವ ಹೆಸರೋ,
ನಾನು ಆಗಲೇ ನೋಡಲಿಲ್ಲ.
ಕಿಟಕಿಯ ಕಡೆ ತಿರುಗಿದ್ದೆ.
ಗಾಳಿ ಅವತ್ತೂ ಬಂದರಿನ ಕಡೆಯಿಂದಲೇ ಇತ್ತು.