ಅಕ್ಕು

ತುಮಕೂರು, ಮೌಲ್ಯಮಾಪನದ ಮೂರನೇ ದಿನ.
ಫ್ಯಾನು ತಿರುಗಿದರೆ ಹಾಳೆ ಹಾರುತ್ತವೆ,
ನಿಲ್ಲಿಸಿದರೆ ಬೆವರು ಅಂಕದ ಮೇಲೆ ತೊಟ್ಟಿಕ್ಕುತ್ತದೆ.
ರಾಜ್ಯಶಾಸ್ತ್ರ, ಆರನೇ ಸೆಮಿಸ್ಟರ್,
ದಿನಕ್ಕೆ ನಲವತ್ತು ಪತ್ರಿಕೆ.

ಹೆಸರಿದ್ದ ಮೂಲೆಯನ್ನು ಹರಿದು ತೆಗೆದಿದ್ದಾರೆ.
ಉಳಿದದ್ದು ಕಪ್ಪು ಗೆರೆಗಳ ಚೀಟಿ.
ಯಾರ ಮಗಳೋ, ಯಾವ ಊರೋ, ಯಾವ ಕೇರಿಯೋ
ನನಗೆ ತಿಳಿಯಬಾರದು.

ಪ್ರಶ್ನೆ ಹನ್ನೊಂದು, ಹತ್ತು ಅಂಕ:
ತಾನು ಯಾರೆಂದು ತನಗೇ ತಿಳಿಯದಂತೆ
ಪರದೆಯ ಹಿಂದೆ ಕೂತು
ನ್ಯಾಯದ ಕಟ್ಟಳೆ ಬರೆಯಿರಿ ಎಂದ
ಆ ದೂರದೇಶದ ತತ್ವಜ್ಞಾನಿಯನ್ನು ವಿಮರ್ಶಿಸಿ.

ಸ್ಕೀಮಿನಲ್ಲಿ ಐದು ಅಂಶ, ಅಂಶಕ್ಕೆರಡು.
ಆ ಐದನ್ನೂ ಬರೆದವನು ನಾನೇ,
ಹತ್ತೊಂಬತ್ತು ವರ್ಷದ ಹಿಂದೆ
ಗೈಡು ಅಚ್ಚು ಹಾಕುವ ಹಂಪಯ್ಯ ಅವಸರ ಮಾಡಿದಾಗ,
ಮೈಸೂರಿನ ಯಾರದೋ ನೋಟ್ಸ್ ನೋಡಿಕೊಂಡು.
ಅವರು ಯಾರದನ್ನು ನೋಡಿದ್ದರೋ.
ಮೂಲ ಪುಸ್ತಕ ಲೈಬ್ರರಿಯಲ್ಲಿತ್ತು, ದಪ್ಪಗಿತ್ತು.
ಬೀರುವಿನ ಕೀಲಿ ಅಟೆಂಡರನ ಜೊತೆ ರಜೆಗೆ ಹೋಗಿತ್ತು.

ಮೂವತ್ತೇಳು ಪತ್ರಿಕೆಗಳು
ನನ್ನ ಐದನ್ನೇ ನನಗೆ ಒಪ್ಪಿಸಿದವು,
'ವ್ಯಕ್ತಿನಿಷ್ಟ' ಎಂಬ ನನ್ನ ಕಾಗುಣಿತದ ತಪ್ಪಿನ ಸಮೇತ.
ಹತ್ತಕ್ಕೆ ಎಂಟು, ಹತ್ತಕ್ಕೆ ಒಂಬತ್ತು.

ಮೂವತ್ತೆಂಟನೆಯದು ಹೀಗೆ ಶುರುವಾಯಿತು:

"ಸಾರ್, ಪರದೆ ಒಗೆದವರು ಯಾರು?
ಹಿಂದೆ ಕೂತವರಿಗೆ ಮಧ್ಯಾಹ್ನ ಹಸಿವಾಗಿರಬೇಕು.
ಅನ್ನ ಬಂದಿರಬೇಕು. ತಂದವಳು
ಒಳಗಿನವಳೋ ಹೊರಗಿನವಳೋ, ಗೈಡಿನಲ್ಲಿ ಇಲ್ಲ.

ನಮ್ಮವ್ವ ತಿಪಟೂರಿನಲ್ಲಿ ಕೊಬ್ಬರಿ ಸುಲಿಯುತ್ತಾಳೆ,
ಸಾವಿರಕ್ಕೆ ಇಷ್ಟು ಅಂತ.
ಕಾಯಿ ಕುಲುಕಿ, ಸದ್ದು ಕೇಳಿ,
ಒಳಗೆ ಒಣಗಿದೆಯೋ ಕೊಳೆತಿದೆಯೋ ಹೇಳುತ್ತಾಳೆ.
ಅವಳನ್ನು ಪರದೆಯ ಹಿಂದೆ ಕೂರಿಸಿ
ನೀನು ಯಾರೆಂಬುದನ್ನು ಮರಿ ಅಂದರೆ
ತಲೆ ಮರೆತೀತು. ಬೆರಳು ಮರೆಯಲ್ಲ.
ನಾನೂ ಮರೆತೇನು. ಎದುರಿನವರು ಮರೆಯಲ್ಲ.
ನಮ್ಮೂರ ಗೇಟಿನ ಟೀ ಅಂಗಡಿಯಲ್ಲಿ
ಗಾಜಿನ ಲೋಟಕ್ಕೆ ನಮ್ಮ ಮನೆ ಗೊತ್ತು.

ಅದಕ್ಕೇ ಆ ಮಹನೀಯರ ಮೇಲೆ ನನಗೆ ಸಿಟ್ಟಿದೆ.
ಆದರೂ ಒಂದು ಮಾತು.
ಒಂದು ರಾತ್ರಿ ಬಸ್ಸಿನಲ್ಲಿ, ಕೆ.ಬಿ. ಕ್ರಾಸ್ ದಾಟಿದ ಮೇಲೆ
ಲೈಟು ಕೆಟ್ಟಿತು. ಯಾರದೋ ಮಗು
ನನ್ನ ತೊಡೆ ಮೇಲೆ ಮಲಗಿತ್ತು, ಅವರೇ ಮಲಗಿಸಿದ್ದರು.
ಯಾರ ಪೈಕಿ ಅಂತ ಯಾರೂ ಕೇಳಲಿಲ್ಲ,
ತಿಪಟೂರಿನ ಬೀದಿದೀಪ ಬರುವ ತನಕ.
ಪರದೆ ಅಂದರೆ ಇಷ್ಟೇ ಆಗಿದ್ದರೆ ನನಗೂ ಬೇಕು ಸಾರ್,
ಹತ್ತು ಹನ್ನೆರಡು ಕಿಲೋಮೀಟರಿನ ಸಮಾನ ಅಕ್ಕು."

ಕೆಂಪು ಪೆನ್ನು ತಾನಾಗಿಯೇ ಹೋಗಿ
ಆ ಕೊನೆಯ ಪದಕ್ಕೆ ಸುತ್ತು ಹಾಕಿತು.
ಹಕಾರ ಬಾರದವರು ಯಾರು, ಎಲ್ಲಿಯವರು,
ಊಹೆ ಆಗಲೇ ಮುಗಿದಿತ್ತು.
ಹರಿದ ಮೂಲೆಯನ್ನು ನಾನೇ ತಂದು ಅಂಟಿಸಿದ್ದೆ.

ಪಕ್ಕದ ಮೇಜಿನ ಶಿವನಾಗಮ್ಮ, ಹಳಗನ್ನಡದವರು,
ಇಣುಕಿ ನೋಡಿ ನಕ್ಕರು:
"ತಪ್ಪೇನು ಸಾರ್? ಅಕ್ಕು ಅಂದರೆ ಆಗುತ್ತದೆ ಅಂತ.
ಸಾವಿರ ವರ್ಷ ಮೊದಲು ಬರೆದಿದ್ದರೆ ಪೂರ್ತಿ ಅಂಕ."

ಚೀಫ್ ಮುನಿವೆಂಕಟಪ್ಪ ಸ್ಕೀಮ್ ತಿರುವಿದರು.
ಬಸ್ಸು ಇಲ್ಲ. ಲೋಟ ಇಲ್ಲ. ಕೊಬ್ಬರಿ ಇಲ್ಲ.
"ಎರಡು ಹಾಕಿ, ಅಕ್ಷರ ದುಂಡಗಿದೆ."

ಆರು ಹಾಕಿದೆ.
ಹತ್ತು ಹಾಕಿದರೆ ಯಾಕೆಂದು ಬರೆದು ಸಹಿ ಮಾಡಬೇಕು.
ಆರನ್ನು ಯಾರೂ ಕೇಳುವುದಿಲ್ಲ.

ಆಮೇಲೆ ಆ ಸುತ್ತನ್ನು ಅಳಿಸಲು ಹೋದೆ.
ಉಗುರಿನಲ್ಲಿ ಕೆರೆದೆ, ಹಾಳೆ ತೂತಾಯಿತು.
ತೂತಿನಾಚೆ ಮುಂದಿನ ಪುಟ:
ಹನ್ನೆರಡು ಎಂಬ ಸಂಖ್ಯೆ ಹಾಕಿ
ಅವಳು ನಿಲ್ಲಿಸಿದ್ದಳು.
ಅವಳೇ ಎಂದು ನನಗೆ ಹೇಳಿದವರು ಯಾರೋ.