ಏಳನೆಯ ಬಾವಿ

ಮೊದಲು ಬಂದವರು ಕೆಂಪು ಟೊಪ್ಪಿಗೆಯವರು, ನಮ್ಮವರೇ.
ಕುದುರೆಯಿಂದ ಇಳಿಯದೆಯೇ ಕೇಳಿದರು:
ಇಲ್ಲಿ ನೆಲದಡಿಯ ನೀರು ಬಲ್ಲವನು ಯಾರು?
ಊರೆಲ್ಲ ನನ್ನ ಕಡೆ ನೋಡಿತು.
ಬಲ್ಲವನಾಗಿರುವುದು ಒಳ್ಳೆಯದಲ್ಲದ ದಿನವೂ ಬರುತ್ತದೆ, ಖುದಾವೆರ್ದಿ,
ಎಂದು ಅಪ್ಪ ಹೇಳಿಕೊಟ್ಟಿರಲಿಲ್ಲ.

ರೂಮಿನ ಸುಲ್ತಾನನ ದಂಡು ಎರ್ಜುರುಮ್ ದಾಟಿದೆ,
ಅವನ ಒಂಟೆಗೆ ಒಂದು ಗುಟುಕೂ ಸಿಗಕೂಡದು:
ಗೋಧಿ ಸುಡಿ. ಕಾರೇಜು ಮುಚ್ಚಿ.
ಇದು ಶಾಹನ ಮಾತು.

ಹೊಲಕ್ಕೆ ಬೆಂಕಿ ಅವರೇ ಇಟ್ಟರು.
ಹಾಲು ತುಂಬಿದ ತೆನೆ ಬೇಗ ಹತ್ತಿಕೊಳ್ಳುವುದಿಲ್ಲ,
ಮರಂದ್ ದಾರಿಯುದ್ದ ಮೂರು ದಿನ ಹೊಗೆ.
ನೀರನ್ನು ಕೊಲ್ಲಲು ಮಾತ್ರ ಕಸುಬುದಾರ ಬೇಕು.

ಬೆಟ್ಟದ ಬುಡದಿಂದ ಊರ ಹಿಪ್ಪುನೇರಳೆ ಮರದವರೆಗೆ
ಮೂವತ್ತೊಂದು ಬಾವಿ,
ಕತ್ತಲೆಯ ಒಂದೇ ದಾರದಲ್ಲಿ ಪೋಣಿಸಿದ್ದು.
ಅದರ ಕುತ್ತಿಗೆ ಎಲ್ಲಿ ಎಂದು ನನಗೆ ಗೊತ್ತು.
ಏಳನೆಯದು. ಅಲ್ಲಿ ಮಣ್ಣು ಮೆತ್ತಗೆ.
ಅಲ್ಲೇ ಅಪ್ಪ ಕುಸಿತಕ್ಕೆ ಸಿಕ್ಕಿದ್ದು,
ಅಗೆದು ಎತ್ತಿದವನು ನಾನೇ, ಹಣತೆ ಕೈಯಲ್ಲೇ ಇತ್ತು.
ಬಿಳಿ ಬಟ್ಟೆ ತೊಟ್ಟು ಇಳಿದೆ.
ನಮ್ಮ ಕಸುಬಿನವರು ಬಿಳಿಯಲ್ಲೇ ಇಳಿಯುವುದು,
ಹೆಣಕ್ಕೆ ಬೇರೆ ಬಟ್ಟೆ ಹುಡುಕದಿರಲೆಂದು.
ಅಪ್ಪ ಕೂರಿಸಿದ ಸುಟ್ಟಮಣ್ಣಿನ ಬಳೆಗಳನ್ನು
ಒಂದೊಂದಾಗಿ ಒಡೆದೆ.

ಕೆಳಗೆ ತೆಲ್ಲಿ ಬಿಂದಿಗೆ ಹಿಡಿದು ನಿಂತಿದ್ದಳಂತೆ:
ಸಣ್ಣಗಾಯಿತು, ಕೆಸರಾಯಿತು,
ಆಮೇಲೆ ಕಪ್ಪೆಯೊಂದು ಹೊರಗೆ ಬಂತು.

ಇಪ್ಪತ್ತು ದಿನಕ್ಕೆ ಬಿಳಿ ಟೊಪ್ಪಿಗೆಯವರು ಬಂದರು.
ತುಟಿ ಒಡೆದಿದ್ದವು. ಆಡುವ ಮಾತು ನಮ್ಮದೇ ಮಾತು,
ಉಪ್ಪು ತುಸು ಬೇರೆ ಬಿದ್ದ ಹಾಗೆ.
ಕೇಳಿದ್ದೂ ಅದೇ:
ಇಲ್ಲಿ ನೆಲದಡಿಯ ನೀರು ಬಲ್ಲವನು ಯಾರು?

ಕೋಟೆಯಡಿ ಸುರಂಗ ತೋಡುವ ಹುಡುಗನನ್ನು ಜೊತೆಗೆ ಕೊಟ್ಟರು,
ದುರ್ಮುಷ್ ಅಂತ, ಮೀಸೆ ಈಗಷ್ಟೇ ಮೂಡುತ್ತಿತ್ತು.
ಏಳನೆಯದರ ಒಳಗೆ ಅವನು ಗೋಡೆ ತಡವಿ
ಸುಮ್ಮನೆ ಕೂತ.
'ಇದು ತಾನಾಗಿ ಬಿದ್ದದ್ದಲ್ಲ ಉಸ್ತಾದ್,
ಚೆನ್ನಾಗಿ ಬಲ್ಲವನು ಒಡೆದದ್ದು.'
ನಾನು ಬತ್ತಿ ತಗ್ಗಿಸಿದೆ.
ಎಣ್ಣೆ ಉಳಿಸಬೇಕಿತ್ತು, ಅಂದೆ.
ಅವನು ಮೇಲೆ ಹೋಗಿ ಏನೂ ಹೇಳಲಿಲ್ಲ.
ಯಾಕೆಂದು ನನಗೆ ಇವತ್ತಿಗೂ ತಿಳಿಯದು.

ಹಿಮ ಬೀಳುವ ಮೊದಲೇ ಅವರು ಹಿಂದಿರುಗಿದರು,
ನಮ್ಮ ಎರಡು ಕೋಣ, ಒಂದು ಬಾಗಿಲು ಹೊತ್ತುಕೊಂಡು.
ಶುಕ್ರವಾರದ ಖುತ್ಬಾದಲ್ಲಿ ಹೆಸರು ಮತ್ತೆ ಬದಲಾಯಿತು.
ಮುಲ್ಲಾ ಒಂದು ಗಳಿಗೆ ತಡವರಿಸಿ ಕೆಮ್ಮಿದ, ಅಷ್ಟೆ.

ಇಂದು ಬೆಳಿಗ್ಗೆ ಕೆಂಪು ಟೊಪ್ಪಿಗೆಗಳು ಮರಳಿದವು.
ಹಿಪ್ಪುನೇರಳೆಯಡಿ ನೀರು ಹರಿಯುವುದನ್ನು ನೋಡುತ್ತ
ಬಹಳ ಹೊತ್ತು ಸುಮ್ಮನಿದ್ದರು.
ಆಮೇಲೆ: ತೆರೆದವನು ಯಾರು?

ಊರೆಲ್ಲ ಈ ಸಲ ನೆಲ ನೋಡಿತು.
ನಮ್ಮ ಗೋಡೆಯ ಮೇಲೆ ಬಿಳಿ ಬಟ್ಟೆ ಒಣಗುತ್ತಿತ್ತು,
ತೆಲ್ಲಿ ಎಷ್ಟು ಒಗೆದರೂ
ಮೊಣಕಾಲಿನ ಮಣ್ಣು ಹೋಗಿರಲಿಲ್ಲ.