ಇಲಿ ಹಿಡಿಯುವುದು

ಬಿಟಿಎಂನ ಪೀಜಿಯಿಂದ ಫೋನು:
ರೂಮು ಖಾಲಿ ಮಾಡಿದ ಹುಡುಗ
ಒಂದು ಬಕೆಟ್ಟು, ಒಂದು ಪಂಜರ ಬಿಟ್ಟು ಹೋಗಿದ್ದಾನೆ.
ಬಕೆಟ್ಟು ನಮಗಿರಲಿ ಮೇಡಂ,
ಪಂಜರ ನೀವು ಒಯ್ಯಿರಿ.

ಬ್ಲೌಸಿನ ಒಂದು ತೋಳು ಹಾಗೇ ಬಿಟ್ಟು ಹೊರಟೆ.
ಎರಡೂ ಹೆಣ್ಣೇ ಎಂದು ಆಣೆ ಹಾಕಿ
ಮಾರಿದ್ದನಂತೆ ಅಂಗಡಿಯವನು.
ಎಣಿಸಿದೆ. ಹನ್ನೊಂದು.
ಆಣೆಗೆ ಒಂಬತ್ತು ಮಕ್ಕಳು.

ಡೈರಿ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಆಟೋದವನು
ಕನ್ನಡಿಯೊಳಗಿಂದ ಕೇಳಿದ, ‘ಮೊಲದ ಮರಿಯಾ?’
‘ಹ್ಯಾಮ್‌ಸ್ಟರ್.’
‘ಅಂದ್ರೆ?’
‘ಇಲಿ.’
ಸೀಟಿನ ತುದಿಗೆ ಸರಿದು ಕೂತ.
ಇಳಿಯುವಾಗ ಮೀಟರಿನ ಮೇಲೆ ಇಪ್ಪತ್ತು ಕೇಳಿದ.

ಜೊತೆಗಿಟ್ಟರೆ ಕಚ್ಚಿ ಕೊಲ್ಲುತ್ತವೆ, ಅಕ್ಕ ತಂಗಿಯಾದರೂ.
ಆದ್ದರಿಂದ ಹನ್ನೊಂದು ಡಬ್ಬ,
ಹನ್ನೊಂದು ನೀರಿನ ಬಾಟಲಿ, ಅಸ್ತರಿನ ಚಿಂದಿ,
ಸೆಕೆಗೆ ಒಡೆದ ಮಡಕೆಯ ಒದ್ದೆ ಚೂರು.
ಅದರ ಮೇಲೆ ಹೊಟ್ಟೆ ಚಾಚಿ ಬಿದ್ದುಕೊಳ್ಳುತ್ತವೆ
ಮದುವೆಯೂಟ ಮುಗಿಸಿದ ಬೀಗರ ಹಾಗೆ.
ರಾತ್ರಿ ನಾನು ಮಿಷನ್ನು ತುಳಿಯುತ್ತೇನೆ,
ಪಕ್ಕದಲ್ಲಿ ಒಂದು ತನ್ನ ಚಕ್ರ ತುಳಿಯುತ್ತದೆ;
ಬೆಳಗಿನ ತನಕ ತುಳಿದರೂ
ಇಬ್ಬರೂ ಕಾಮಾಕ್ಷಿಪಾಳ್ಯ ದಾಟುವುದಿಲ್ಲ.

ಕೆಳಮನೆಯ ಗಂಗಹನುಮಕ್ಕ ಮೆಟ್ಟಿಲಲ್ಲೇ ನಿಂತು,
‘ಬೆಟ್ಟ ಅಗೆದು ಇಲಿ ಹಿಡಿದಂಗಾಯ್ತು ಕಣೇ ನಿನ್ನ ಬಾಳು.’
ಸಂಜೆಗೆ ಸೌತೆಕಾಯಿ ತುದಿ, ಕೊತ್ತಂಬರಿ ದಂಟು
ಪೇಪರಿನಲ್ಲಿ ಸುತ್ತಿ ಕಳಿಸುತ್ತಾಳೆ.
ಬಿಸಾಕೋದಿತ್ತಂತೆ.

ಕೇಳಿಕೊಂಡು ಬಂದವರನ್ನು
ಹೆಣ್ಣು ಕೊಡುವವರ ಹಾಗೆ ವಿಚಾರಿಸುತ್ತೇನೆ.
ಮನೆಯಲ್ಲಿ ಬೆಕ್ಕಿದೆಯಾ?
ಊರಿಗೆ ಹೋದರೆ ಯಾರು ನೋಡುತ್ತಾರೆ?
ಸ್ಕೂಲು ಶುರುವಾದ ಮೇಲೂ ನಿಮ್ಮ ಮಗನಿಗೆ ಇದು ಬೇಕಾ?
ಒಬ್ಬಾಕೆ ಪರದೆಗೆ ಹೊಂದುವ ಬಣ್ಣ ಕೇಳಿದಳು.
ಚಿಕ್ಕಪೇಟೆಯ ಬಟ್ಟೆ ಅಂಗಡಿಯ ವಿಳಾಸ ಕೊಟ್ಟೆ.

ಎಂಟು ಹೋದವು.
ಎರಡು ಸತ್ತವು, ಸೇವಂತಿಗೆ ಕುಂಡದಲ್ಲಿವೆ.
ಉಳಿದದ್ದು ತಾಯಿ. ಒಂದು ಕಣ್ಣಿಲ್ಲ,
ಬೆನ್ನಿನ ಕೂದಲು ಉದುರಿದೆ, ಕಚ್ಚುತ್ತದೆ.

ಭಾನುವಾರ ಬಂದವನ ಹೆಸರು ಮುನಿಯಲ್ಲಪ್ಪ.
ಕೆಲಸ ಏನು ಅಂದೆ.
ಬಾಗಿಲಾಚೆ ಬಿಟ್ಟ ಚಪ್ಪಲಿಯ ಕಡೆ ನೋಡಿದ.
‘ಇಲಿ ಹಿಡಿಯೋದು.’

ಅಂಟಿನ ಹಲಗೆ. ಗುಲಾಬಿ ಬಣ್ಣದ ವಿಷದ ಬಿಲ್ಲೆ.
ಮಾಲುಗಳ ನೆಲಮಾಳಿಗೆ, ಹೋಟೆಲುಗಳ ಉಗ್ರಾಣ.
‘ರಾತ್ರಿ ಪಾಳಿ, ಹಗಲೆಲ್ಲ ಮಲಗೋದು.
ಅದೂ ಹಂಗೇ ಅಲ್ವಾ ಮೇಡಂ?’

ಬಾಗಿಲು ತೋರಿಸಬೇಕೆಂದೇ ಎದ್ದೆ.
ಅಷ್ಟರಲ್ಲಿ ಕೈ ಒಳಗಿಟ್ಟಿದ್ದ.
ಎಲ್ಲರ ಹಾಗೆ ಮೇಲಿನಿಂದ, ಹದ್ದಿನಂತೆ ಅಲ್ಲ;
ಪಕ್ಕದಿಂದ, ಅಂಗೈ ಮೇಲು ಮಾಡಿ,
ನೆಲಕ್ಕೆ ಹಚ್ಚಿ ಸುಮ್ಮನಿದ್ದ.
ಬೀದಿಯಲ್ಲಿ ಸೊಪ್ಪಿನವಳು ಕೂಗಿ ಹೋದಳು.
ನೀರಿನ ಟ್ಯಾಂಕರು ಬಂತು, ನಿಂತಿತು, ಹೋಯಿತು.
ಆ ಕೈಯ ವಾಸನೆ ಏನೇನೋ ಹೇಳಿರಬೇಕು ಅದಕ್ಕೆ.
ಉಗುರು ಮೂಸಿತು, ಮತ್ತೆ ಮೂಸಿತು,
ಆಮೇಲೆ ಹತ್ತಿತು.

‘ಹನ್ನೆರಡು ವರ್ಷದಿಂದ ಹಿಡೀತಿದೀನಿ,’ ಅಂದ,
‘ಹಿಡ್ಕೊಂಡಿರಲಿಲ್ಲ.’

ಆದರೂ ಕೇಳಿದೆ, ಕೇಳದೆ ಬಿಡುವವಳಲ್ಲ.
ಬೆಕ್ಕು? ಇಲ್ಲ.
ಊರಿಗೆ ಹೋದರೆ? ಊರಿಲ್ಲ.
ಯಾಕೆ ಎಂದು ಮಾತ್ರ ಕೇಳಲಿಲ್ಲ.
ಮಡಕೆಯ ಚೂರನ್ನು ನೀಲಿ ಅಸ್ತರಿನಲ್ಲಿ ಸುತ್ತಿ ಕೊಟ್ಟೆ.
ಮೆಟ್ಟಿಲಿಳಿಯುವಾಗ ಒಂದು ಕೈಯಲ್ಲಿ ಡಬ್ಬ,
ಇನ್ನೊಂದು ಕೈ ಗೋಡೆ ಹಿಡಿದು, ಬಾಣಂತಿಯನ್ನು ಕರೆದೊಯ್ಯುವಂತೆ.

ಮೊನ್ನೆ ರಾತ್ರಿ ಒಂದೂವರೆಗೆ ಫೋನು, ಕೆಲಸದ ಜಾಗದಿಂದ.
ಚಕ್ರ ಕಿರಗುಟ್ಟುತ್ತದೆ, ಓನರು ಬೈತಾರೆ,
ಯಾವ ಎಣ್ಣೆ ಹಾಕಲಿ?
ಅವನ ದನಿಯ ಹಿಂದೆ, ಎಲ್ಲೋ ತಗ್ಗಿನಲ್ಲಿ,
ಏನೋ ಕೀಚುಗುಟ್ಟುತ್ತಿತ್ತು. ನಿಲ್ಲುತ್ತಿರಲಿಲ್ಲ.
ಇಬ್ಬರಿಗೂ ಕೇಳಿಸುತ್ತಿತ್ತು.

ಮಿಷನ್ನಿನ ಎಣ್ಣೆ ಬೇಡ, ನೆಕ್ಕಿಬಿಡುತ್ತೆ, ಅಂದೆ.
ಕೊಬ್ಬರಿ ಎಣ್ಣೆ.
ಒಂದೇ ಹನಿ.